ನಿಯಮ ಬರೆದವರು ಯಾರು? ಒಂದು ವಿಜ್ಞಾನ ಕಥಾಸಂಕಲನ ಮತ್ತು ಅದರ ಓದುಗರ ಜಗಳ

(ದತ್ತಿ ಉಪನ್ಯಾಸದ ಪಠ್ಯ)



‘ವಿಜ್ಞಾನ ಮತ್ತು ಸಾಹಿತ್ಯ’ ಎಂಬುದು ಈ ದತ್ತಿಯ ಚೌಕಟ್ಟು. ಇದರೊಳಗೆ ನಾವು ವರ್ಷವರ್ಷವೂ ಆಡುವ ಮಾತುಗಳು ಕೆಲವಿವೆ: ವಿಜ್ಞಾನ ಸಾಹಿತ್ಯ ಬೆಳೆಯಬೇಕು, ವೈಜ್ಞಾನಿಕ ಮನೋಭಾವ ಮೂಡಬೇಕು, ಎಳೆಯರಿಗೆ ಓದಿನ ರುಚಿ ಹತ್ತಬೇಕು. ಯಾರೂ ತಕರಾರು ತೆಗೆಯದ ಮಾತುಗಳಿವು. ತಕರಾರಿಲ್ಲದ ಮಾತಿಗೆ ಇಷ್ಟು ಜನ ಸೇರಿ ಒಂದು ಗಂಟೆ ಕೂರಬೇಕಾಗಿಲ್ಲ. ಆದ್ದರಿಂದ ಇವತ್ತು ತಕರಾರನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಒಂದು ಪುಸ್ತಕ, ಅದನ್ನು ತಲೆಯ ಮೇಲೆ ಹೊತ್ತು ಮೆರೆಸುವವರು ಒಂದು ಕಡೆ, ಕೆಳಗಿಳಿಸಿ ಎನ್ನುವವರು ಇನ್ನೊಂದು ಕಡೆ. ಅರ್ಧ ಶತಮಾನ ದಾಟಿದರೂ ವ್ಯಾಜ್ಯ ತೀರಿಲ್ಲ. ನಿಜಕ್ಕೂ ಅವರು ಯಾವುದರ ಬಗ್ಗೆ ಜಗಳವಾಡುತ್ತಿದ್ದಾರೆ ಎಂದು ಬಿಡಿಸಿ ನೋಡುವುದಷ್ಟೇ ನನ್ನ ಕೆಲಸ.

ಮತ ಹಾಕಿ ಕಟ್ಟಿದ ಪುಸ್ತಕ

ಪುಸ್ತಕದ ಹೆಸರು ‘ದ ಸೈನ್ಸ್ ಫಿಕ್ಷನ್ ಹಾಲ್ ಆಫ್ ಫೇಮ್’, ಅದರ ಮೊದಲ ಸಂಪುಟ. 1970ರಲ್ಲಿ ಅಮೆರಿಕದ ಡಬಲ್‌ಡೇ ಪ್ರಕಾಶನದಿಂದ ಬಂತು. ಸಂಪಾದಕ ರಾಬರ್ಟ್ ಸಿಲ್ವರ್‌ಬರ್ಗ್. ಒಳಗೆ 26 ಕಥೆಗಳು. ಮೊದಲ ಕಥೆ 1934ರದು, ಕೊನೆಯದು 1963ರದು.

ಈ ಸಂಕಲನ ಹುಟ್ಟಿದ ಬಗೆಯೇ ವಿಶೇಷ. ಅಮೆರಿಕದ ವಿಜ್ಞಾನ ಕಥೆಗಾರರ ಸಂಘ 1965ರಲ್ಲಿ ಶುರುವಾಯಿತು. ಆ ವರ್ಷದಿಂದ ಪ್ರಕಟವಾದ ಕೃತಿಗಳಿಗೆ ಸದಸ್ಯರು ಮತ ಹಾಕಿ ‘ನೆಬ್ಯುಲಾ’ ಪ್ರಶಸ್ತಿ ಕೊಡತೊಡಗಿದರು. ಹಾಗಾದರೆ ಅದಕ್ಕಿಂತ ಹಿಂದೆ ಬಂದ ಒಳ್ಳೆಯ ಕಥೆಗಳ ಗತಿಯೇನು? 1964ರ ಕೊನೆಯವರೆಗಿನ ಕಥೆಗಳಿಗೂ ಸದಸ್ಯರಿಂದಲೇ ಮತ ಹಾಕಿಸಿದರು. ಒಬ್ಬ ಲೇಖಕನಿಗೆ ಒಂದೇ ಕಥೆ ಎಂಬ ಕಟ್ಟುಪಾಡು ಇತ್ತು. ಆರ್ಥರ್ ಕ್ಲಾರ್ಕ್ ಅವರ ‘ದ ಸ್ಟಾರ್’ 15ನೆಯ ಸ್ಥಾನಕ್ಕೆ ಬರಬೇಕಿತ್ತು. ಅವರದೇ ‘ದ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ 11ರಲ್ಲಿ ಕೂತಿದ್ದರಿಂದ ಹೊರಗುಳಿಯಿತು. ಮೊದಲ ಸ್ಥಾನ ಐಸಾಕ್ ಅಸಿಮೋವ್ ಅವರ ‘ನೈಟ್‌ಫಾಲ್’ಗೆ, ಎರಡನೆಯದು ಸ್ಟಾನ್ಲಿ ವೈನ್‌ಬಾಮ್ ಅವರ ‘ಎ ಮಾರ್ಷಿಯನ್ ಒಡಿಸ್ಸಿ’ಗೆ, ಮೂರನೆಯದು ಡೇನಿಯಲ್ ಕೀಸ್ ಅವರ ‘ಫ್ಲವರ್ಸ್ ಫಾರ್ ಅಲ್ಜರ್ನಾನ್’ಗೆ.

ಮತದಾನ ಎಂದ ಕೂಡಲೇ ನಿಷ್ಪಕ್ಷಪಾತ ಎಂಬ ಭಾವನೆ ಬರುತ್ತದೆ. ಆದರೆ ಮತದಾರರು ಯಾರು ಎಂಬುದನ್ನೂ ನೋಡಬೇಕಲ್ಲ. 26ರಲ್ಲಿ 13 ಕಥೆಗಳು ಮೊದಲು ಅಚ್ಚಾದದ್ದು ‘ಅಸ್ಟೌಂಡಿಂಗ್’ ಎಂಬ ಒಂದೇ ಪತ್ರಿಕೆಯಲ್ಲಿ. ಆ 13ರಲ್ಲಿ 12ನ್ನು ಆರಿಸಿ ಅಚ್ಚಿಗೆ ಕೊಟ್ಟವರು ಅದರ ಸಂಪಾದಕ ಜಾನ್ ಕ್ಯಾಂಪ್‌ಬೆಲ್. ಉಳಿದ ಒಂದು, 1934ರ ‘ಟ್ವಿಲೈಟ್’, ಅವರು ಸಂಪಾದಕರಾಗುವ ಮೊದಲು ಡಾನ್ ಸ್ಟುವರ್ಟ್ ಎಂಬ ಕಾವ್ಯನಾಮದಲ್ಲಿ ತಾವೇ ಬರೆದದ್ದು. ಮತ ಹಾಕಿದವರಲ್ಲಿ ಅನೇಕರು ಅದೇ ಪತ್ರಿಕೆಯನ್ನು ಓದಿ ಬೆಳೆದವರು, ಅದಕ್ಕೇ ಬರೆದವರು. ಒಬ್ಬ ಸಂಪಾದಕನ ಅಭಿರುಚಿ ಒಂದು ತಲೆಮಾರಿನ ನೆನಪಾಗಿ, ಆ ನೆನಪು ಮತವಾಗಿ, ಮತ ಪುಸ್ತಕವಾಯಿತು. ಇದರಲ್ಲಿ ಮೋಸ ಏನೂ ಇಲ್ಲ. ಪುಸ್ತಕ ಕೈಗೆತ್ತಿಕೊಳ್ಳುವವರಿಗೆ ಇಷ್ಟು ತಿಳಿದಿದ್ದರೆ ಸಾಕು.

ಓದುಗರ ಅಭಿಪ್ರಾಯಗಳು ಸ್ಥೂಲವಾಗಿ ನಾಲ್ಕು. ವಿಜ್ಞಾನ ಕಥೆಯ ಓದು ಇಲ್ಲಿಂದಲೇ ಶುರುವಾಗಬೇಕು ಎನ್ನುವವರು ಒಂದು ಗುಂಪು. ಕಲ್ಪನೆ ಅದ್ಭುತ, ಬರವಣಿಗೆ ಒಣಕಲು ಎನ್ನುವವರು ಎರಡನೆಯವರು. ವಿಜ್ಞಾನವೇ ಹಳತಾಗಿದೆ, ಈಗ ಯಾಕೆ ಎನ್ನುವವರು ಮೂರನೆಯವರು. ಇಲ್ಲಿ ಹೆಂಗಸರೆಲ್ಲಿ, ಬಿಳಿಯರಲ್ಲದವರೆಲ್ಲಿ ಎಂದು ಕೇಳುವವರು ನಾಲ್ಕನೆಯವರು. ಇವರು ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದಾರೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ನನ್ನ ಪ್ರಕಾರ ಅವರು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಪ್ರಶ್ನೆಗಳು ಮೂರು. ಇದು ಆಗಬಹುದೇ? ಮನುಷ್ಯರ ಮಟ್ಟಿಗೆ ಇದು ಹೌದೆನಿಸುತ್ತದೆಯೇ? ಇದು ನ್ಯಾಯವೇ? ಒಂದು ಪ್ರಶ್ನೆಗೆ ಪಾಸಾದ ಕಥೆ ಇನ್ನೊಂದಕ್ಕೆ ನಪಾಸಾಗಬಹುದು. ಹೊಗಳುವವರೂ ತೆಗಳುವವರೂ ಒಟ್ಟಿಗೇ ಸರಿಯಾಗಿರುವುದು ಹೀಗೆ ಸಾಧ್ಯವಾಗುತ್ತದೆ.

ಕತ್ತಲೆಗೆ ಮೊದಲ ಬಹುಮಾನ

‘ನೈಟ್‌ಫಾಲ್’ನಿಂದ ಶುರುಮಾಡೋಣ. ಲಗಾಶ್ ಎಂಬ ಗ್ರಹಕ್ಕೆ ಆರು ಸೂರ್ಯರು. ಯಾವುದಾದರೊಂದು ಆಕಾಶದಲ್ಲಿ ಇದ್ದೇ ಇರುವುದರಿಂದ ಅಲ್ಲಿನವರಿಗೆ ಇರುಳೆಂದರೆ ಗೊತ್ತಿಲ್ಲ. 2049 ವರ್ಷಗಳಿಗೊಮ್ಮೆ ಐದು ಸೂರ್ಯರು ಮುಳುಗಿ, ಉಳಿದೊಂದಕ್ಕೆ ಗ್ರಹಣ ಹಿಡಿಯುತ್ತದೆ. ಕತ್ತಲು ಕವಿಯುತ್ತದೆ, ನಕ್ಷತ್ರಗಳು ಕಾಣುತ್ತವೆ, ಜನ ಹುಚ್ಚೆದ್ದು ಬೆಳಕಿಗಾಗಿ ಊರಿಗೇ ಬೆಂಕಿ ಇಡುತ್ತಾರೆ, ನಾಗರಿಕತೆ ಬೂದಿಯಾಗುತ್ತದೆ. ಸಾವಿರ ವರ್ಷಕ್ಕೊಮ್ಮೆ ಮಾತ್ರ ನಕ್ಷತ್ರ ಕಂಡರೆ ಮನುಷ್ಯರು ಭಕ್ತಿಯಿಂದ ಕೈಮುಗಿಯುತ್ತಾರೆ ಎಂದು ಚಿಂತಕ ಎಮರ್ಸನ್ ಊಹಿಸಿದ್ದರು. ಹುಚ್ಚರಾಗುತ್ತಾರೆ ಎಂಬುದು ಕ್ಯಾಂಪ್‌ಬೆಲ್ ವಾದ. ಅದನ್ನೇ ಕಥೆ ಮಾಡು ಎಂದು ಅವರು 1941ರ ಮಾರ್ಚ್‌ನಲ್ಲಿ 21ರ ಹುಡುಗ ಅಸಿಮೋವ್‌ಗೆ ಹೇಳಿದರು. ಅದೇ ವರ್ಷದ ಸೆಪ್ಟೆಂಬರ್ ಸಂಚಿಕೆಯಲ್ಲಿ ಕಥೆ ಬಂತು.

‘ಆಗಬಹುದೇ’ ಎಂದು ಕೇಳುವ ಓದುಗ ಇಲ್ಲಿ ರೋಮಾಂಚನಗೊಳ್ಳುತ್ತಾನೆ. ಇರುಳೇ ಇಲ್ಲದ ಗ್ರಹದ ಖಗೋಳಶಾಸ್ತ್ರ ಹೇಗಿರುತ್ತದೆ? ಗುರುತ್ವದ ನಿಯಮ ಕಂಡುಹಿಡಿಯುವುದು ಅವರಿಗೆ ಎಷ್ಟು ಕಷ್ಟ? ನಕ್ಷತ್ರಗಳಿದ್ದರೆ ಒಂದೆರಡು ಡಜನ್ ಇರಬಹುದು ಎಂದು ಅಲ್ಲಿನವರು ಅಂದಾಜು ಮಾಡಿರುತ್ತಾರೆ. ಕಡೆಗೆ ಕಾಣುವುದು 30,000. ‘ಹೌದೆನಿಸುತ್ತದೆಯೇ’ ಎಂದು ಕೇಳುವ ಓದುಗನಿಗೆ ಮಾತ್ರ ಅಲ್ಲಿರುವುದು ಒಂದು ಕೋಣೆ, ಅದರೊಳಗೆ ಸರದಿಯಂತೆ ಉಪನ್ಯಾಸ ಮಾಡುವ ವಿಜ್ಞಾನಿಗಳು, ಪ್ರಶ್ನೆ ಕೇಳಲಿಕ್ಕೆಂದೇ ಕರೆತಂದ ಒಬ್ಬ ಪತ್ರಕರ್ತ. ಪಾತ್ರಗಳ ಹೆಸರು ಅದಲುಬದಲು ಮಾಡಿದರೂ ಕಥೆಗೆ ನಷ್ಟವಿಲ್ಲ. ಇಬ್ಬರೂ ನೋಡಿದ್ದು ನಿಜವೇ.

ಅಸಿಮೋವ್‌ಗೇ ಈ ಕಿರೀಟ ಮುಜುಗರ ತಂದಿತ್ತು. 21ನೆಯ ವಯಸ್ಸಿನಲ್ಲಿ ಬರೆದದ್ದೇ ನಿಮ್ಮ ಅತ್ಯುತ್ತಮ ಕಥೆ ಎಂದರೆ ಆಮೇಲಿನ ವರ್ಷಗಳಲ್ಲಿ ಏನೂ ಕಲಿಯಲಿಲ್ಲ ಎಂದಂತಲ್ಲವೇ? ತಮ್ಮ ಕಥೆಗಳಲ್ಲಿ ಅವರಿಗೆ ಇಷ್ಟವಾದದ್ದು 1956ರ ‘ದ ಲಾಸ್ಟ್ ಕ್ವೆಶ್ಚನ್’. ‘ನೈಟ್‌ಫಾಲ್’ ಕಥೆಯ ಕೊನೆಯ ಭಾಗದಲ್ಲಿ ನಕ್ಷತ್ರಗಳು ಮೂಡುವ ಒಂದು ಕಾವ್ಯಮಯ ಭಾಗವಿದೆ. ಅಸಿಮೋವ್ ಕವಿಯಂತೆಯೂ ಬರೆಯಬಲ್ಲರು ಎಂದು ಮೆಚ್ಚುವವರು ಅದನ್ನೇ ಎತ್ತಿ ತೋರಿಸುತ್ತಿದ್ದರು. ಆ ಭಾಗ ತಮ್ಮದಲ್ಲ, ಕ್ಯಾಂಪ್‌ಬೆಲ್ ಸೇರಿಸಿದ್ದು ಎಂದು ಅಸಿಮೋವ್ ಮುಂದೆ ಬರೆದರು. ಲಗಾಶ್‌ನವರಿಗೆ ಭೂಮಿಯ ಸುದ್ದಿ ಗೊತ್ತಿರುವುದಿಲ್ಲ, ಆ ಸಾಲುಗಳಲ್ಲಿ ಭೂಮಿಯ ಹೆಸರು ಬಂದುಬಿಡುತ್ತದೆ ಎಂಬುದು ಅವರ ಆಕ್ಷೇಪ.

ಕತ್ತಲಾದರೆ ಜನ ನಿಜಕ್ಕೂ ಕಂಗೆಡುತ್ತಾರೆಯೇ ಎಂಬ ಸಂಶಯ ಅನೇಕರದು. ನಮ್ಮ ಹಿರಿಯರಿಗೆ ಇದು ಊಹೆಯ ಮಾತಲ್ಲ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾದಿಂದ ಹುಬ್ಬಳ್ಳಿ, ರಾಯಚೂರು ದಾಟಿ ಹೋಯಿತು. ಗ್ರಹಣದ ಹೊತ್ತನ್ನು ನಿಮಿಷ ತಪ್ಪದೆ ಲೆಕ್ಕ ಹಾಕಿ ಮೊದಲೇ ಸಾರಿದ್ದರು. ಆದರೂ ಹಾಡಹಗಲಲ್ಲಿ ಬೀದಿಗಳು ಬಿಕೋ ಎಂದವು, ಮನೆಗಳ ಬಾಗಿಲು ಮುಚ್ಚಿದವು. ಹಿಡಿಯುವುದೂ ಬಿಡುವುದೂ ಗೊತ್ತಿದ್ದ ಗ್ರಹಣಕ್ಕೇ ಹಾಗೆ. ಲಗಾಶ್‌ನ ಜನ ಬೆದರಿದರೆಂದರೆ ನಾನು ನಂಬುತ್ತೇನೆ. ಊರಿಗೆ ಊರೇ ಬೆಂಕಿ ಇಟ್ಟರು ಎಂಬಲ್ಲಿ ಮಾತ್ರ ತಡೆಯುತ್ತೇನೆ.

ತಣ್ಣನೆಯ ಲೆಕ್ಕ

ಓದುಗರು ಅತಿ ಹೆಚ್ಚು ಕಚ್ಚಾಡಿದ್ದು ಟಾಮ್ ಗಾಡ್ವಿನ್ ಅವರ ‘ದ ಕೋಲ್ಡ್ ಇಕ್ವೇಷನ್ಸ್’ ಬಗ್ಗೆ. 1954ರ ಆಗಸ್ಟ್‌ನಲ್ಲಿ ‘ಅಸ್ಟೌಂಡಿಂಗ್’ನಲ್ಲಿ ಬಂದ ಕಥೆ. ವೋಡನ್ ಎಂಬ ಗ್ರಹದಲ್ಲಿ ಆರು ಮಂದಿಗೆ ಮಾರಕ ಜ್ವರ. ಅವರಿಗೆ ಮದ್ದು ಒಯ್ಯುವ ಪುಟ್ಟ ನೌಕೆಯಲ್ಲಿ ಒಬ್ಬನೇ ಚಾಲಕ, ಅಳೆದು ಹಾಕಿದ ಇಂಧನ. ಆ ಗ್ರಹದಲ್ಲಿರುವ ಅಣ್ಣನನ್ನು ನೋಡುವ ಆಸೆಯಿಂದ ಮೆರಿಲಿನ್ ಎಂಬ 18ರ ಹುಡುಗಿ ಕದ್ದು ಹತ್ತಿದ್ದಾಳೆ. ಅವಳ ತೂಕ ಸೇರಿದರೆ ನೌಕೆ ಇಳಿಯಲಾರದು, ಎಲ್ಲರೂ ಸಾಯುತ್ತಾರೆ. ನಿಯಮದ ಪ್ರಕಾರ ಅವಳನ್ನು ಹೊರದೂಡಬೇಕು. ಅವಳು ಅಣ್ಣನೊಂದಿಗೆ ರೇಡಿಯೋದಲ್ಲಿ ಮಾತಾಡಿ, ತಾನಾಗಿ ನಡೆದು ಹೋಗುತ್ತಾಳೆ.

ಗಾಡ್ವಿನ್ ಹುಡುಗಿಯನ್ನು ಬದುಕಿಸುವ ದಾರಿ ಹುಡುಕುತ್ತಲೇ ಇದ್ದರಂತೆ. ಕ್ಯಾಂಪ್‌ಬೆಲ್ ಮೂರು ಸಲ ಕಥೆ ವಾಪಸು ಕಳಿಸಿ, ಕೊನೆಗೂ ಅವಳು ಸಾಯುವಂತೆ ಬರೆಸಿದರು ಎಂದು ಲೇಖಕ ಜೋಸೆಫ್ ಗ್ರೀನ್ ದಾಖಲಿಸಿದ್ದಾರೆ.

ಮೆಚ್ಚುವವರ ವಾದ ಗಟ್ಟಿಯಾದದ್ದೇ. ಅದುವರೆಗೆ ಪತ್ರಿಕೆಯ ಕಥೆಗಳಲ್ಲಿ ಜಾಣ ಎಂಜಿನಿಯರ್ ಒಬ್ಬ ಕೊನೆಯ ಪುಟದಲ್ಲಿ ಉಪಾಯ ಹೂಡಿ ಎಲ್ಲರನ್ನೂ ಉಳಿಸುತ್ತಿದ್ದ. ಇಲ್ಲಿ ಉಪಾಯವಿಲ್ಲ. ಪ್ರಕೃತಿಗೆ ಕರುಣೆಯೂ ಇಲ್ಲ, ದ್ವೇಷವೂ ಇಲ್ಲ. ಹುಡುಗಿಯ ಮುಗ್ಧತೆ ಲೆಕ್ಕದಲ್ಲಿ ಒಂದು ಅಂಕಿಯನ್ನೂ ಬದಲಿಸದು. ಈ ಸತ್ಯವನ್ನು ಇಷ್ಟು ನೇರವಾಗಿ ಹೇಳಿದ ಕಥೆ ಅಪರೂಪ.

ಒಪ್ಪದವರು ಬೇರೊಂದು ಕಡೆ ಕೈಯಿಡುತ್ತಾರೆ. ಗುರುತ್ವ ಪ್ರಕೃತಿಯ ನಿಯಮ, ಸರಿ. ಇಂಧನವನ್ನು ಒಂದು ಹನಿ ಹೆಚ್ಚಿಗೆ ಹಾಕಬಾರದೆಂಬ ನಿಯಮ ಯಾರದು? ಹತ್ತಿದರೆ ಸಾವು ಖಚಿತವಾದ ನೌಕೆಯ ಬಾಗಿಲಿಗೆ ಬೀಗವಿಲ್ಲದೆ ಬರೀ ‘ಪ್ರವೇಶವಿಲ್ಲ’ ಫಲಕ ತಗುಲಿಸಿದವರು ಯಾರು? ಹೊರಡುವ ಮೊದಲು ಒಳಗೆ ಯಾರಿದ್ದಾರೆಂದು ನೋಡದವರು ಯಾರು? ಇವೆಲ್ಲ ಯಾವುದೋ ಕಚೇರಿಯಲ್ಲಿ ಕೂತ ಮನುಷ್ಯರು ಮಾಡಿದ ತೀರ್ಮಾನಗಳು. ಕಥೆ ಅವನ್ನೆಲ್ಲ ಭೌತಶಾಸ್ತ್ರದ ಹಿಂದೆ ಬಚ್ಚಿಡುತ್ತದೆ. ಲೇಖಕ ಕೋರಿ ಡಾಕ್ಟರೋ 2014ರಲ್ಲಿ ‘ಲೋಕಸ್’ ಪತ್ರಿಕೆಯ ಅಂಕಣದಲ್ಲಿ ಈ ವಾದವನ್ನು ಹರಿತವಾಗಿ ಮಂಡಿಸಿದರು. ಪಗಡೆಯ ನಿಯಮವನ್ನು ತಾನೇ ಬರೆದು, ಎದುರಾಳಿ ಸೋತಾಗ ‘ದಾಳ ಬಿದ್ದಂತೆ ಆಯಿತು, ನಾನೇನು ಮಾಡಲಿ’ ಎಂದು ಕೈ ಚೆಲ್ಲುವವನಂತೆ ಕಥೆಗಾರ ನಡೆದುಕೊಂಡಿದ್ದಾನೆ ಎಂಬುದು ಈ ಓದುಗರ ದೂರು.

ಈಗ ‘ಫ್ಲವರ್ಸ್ ಫಾರ್ ಅಲ್ಜರ್ನಾನ್’ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಸಂಪಾದಕರ ಒತ್ತಾಯ ತಿರುಗುಮುರುಗು. ‘ಗ್ಯಾಲಕ್ಸಿ’ ಪತ್ರಿಕೆಯ ಎಚ್. ಎಲ್. ಗೋಲ್ಡ್ ಕಥೆ ಓದಿ, ಶಸ್ತ್ರಕ್ರಿಯೆಯಿಂದ ಜಾಣನಾದ ಕಥಾನಾಯಕ ಚಾರ್ಲಿ ಮತ್ತೆ ಮಂದಬುದ್ಧಿಯಾಗುವುದು ಬೇಡ, ಅವನಿಗೆ ಮದುವೆ ಮಾಡಿಸಿ ಸುಖಾಂತವಾಗಿಸಿ ಎಂದರು. ಹಾಗೇನಾದರೂ ಬದಲಿಸಿದರೆ ಕಾಲು ಮುರಿಯುತ್ತೇನೆ ಎಂದು ಗೆಳೆಯ, ಕಥೆಗಾರ ಫಿಲಿಪ್ ಕ್ಲಾಸ್ ಬೆದರಿಸಿದ್ದನ್ನು ಕೀಸ್ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಕಥೆ ಬದಲಾಗದೆ 1959ರ ಏಪ್ರಿಲ್‌ನಲ್ಲಿ ‘ಫ್ಯಾಂಟಸಿ ಆ್ಯಂಡ್ ಸೈನ್ಸ್ ಫಿಕ್ಷನ್’ ಪತ್ರಿಕೆಯಲ್ಲಿ ಬಂತು, ಮರುವರ್ಷ ಹ್ಯೂಗೊ ಪ್ರಶಸ್ತಿ ಪಡೆಯಿತು. 1966ರಲ್ಲಿ ಕಾದಂಬರಿಯಾಯಿತು, 1968ರ ‘ಚಾರ್ಲಿ’ ಚಿತ್ರದ ನಟ ಕ್ಲಿಫ್ ರಾಬರ್ಟ್‌ಸನ್‌ಗೆ ಆಸ್ಕರ್ ಬಂತು.

ಎರಡೂ ಕಥೆಗಳಲ್ಲಿ ಮುಗ್ಧ ಜೀವವೊಂದು ತಪ್ಪಿಸಲಾಗದ ನಿಯಮಕ್ಕೆ ಬಲಿಯಾಗುತ್ತದೆ. ಆದರೆ ಓದುಗರು ಮೊದಲನೆಯದರ ಮೇಲೆ ಸಿಟ್ಟಾದಂತೆ ಎರಡನೆಯದರ ಮೇಲೆ ಆಗುವುದಿಲ್ಲ. ಯಾಕೆ? ಮೆರಿಲಿನ್‌ಗೆ ಲೆಕ್ಕವನ್ನು ಬೇರೆಯವರು ಹೇಳುತ್ತಾರೆ. ಅವಳ ಪಾಲಿಗೆ ಉಳಿದದ್ದು ಒಪ್ಪಿಕೊಳ್ಳುವುದು. ಚಾರ್ಲಿ ತನ್ನ ಲೆಕ್ಕವನ್ನು ತಾನೇ ಮಾಡುತ್ತಾನೆ. ಶಸ್ತ್ರಕ್ರಿಯೆಯಿಂದ ಬುದ್ಧಿ ಎಷ್ಟು ಏರಿತೋ ಅದಕ್ಕೆ ತಕ್ಕ ವೇಗದಲ್ಲಿ ಇಳಿಯುತ್ತದೆ ಎಂಬ ನಿಯಮವನ್ನು ಕಂಡುಹಿಡಿದು, ವರದಿ ಬರೆದು, ವಿಜ್ಞಾನಿಗಳ ತಪ್ಪನ್ನು ವಿಜ್ಞಾನಿಗಳಿಗೇ ತೋರಿಸುವವನು ಅವನೇ. ನಿಯಮ ಬರೆದವರನ್ನು ಕಥೆ ಬಚ್ಚಿಡುವುದಿಲ್ಲ; ಪ್ರೊಫೆಸರುಗಳ ಆತುರ, ಹೆಸರಿನ ಹಪಾಹಪಿ ಎಲ್ಲವೂ ಬಯಲಿನಲ್ಲಿವೆ. ಮನುಷ್ಯನ ಬೆಲೆಯನ್ನು ಈ ಕಥೆ ಬುದ್ಧಿಯಿಂದಲೇ ಅಳೆಯುತ್ತದೆ ಎಂಬ ಆಕ್ಷೇಪ ಇದೆ, ತಳ್ಳಿಹಾಕುವಂಥದಲ್ಲ. ಅದನ್ನು ಕೇಳಲು ಬೇಕಾದ ಸಾಮಗ್ರಿಯನ್ನು ಕಥೆಯೇ ಒದಗಿಸುತ್ತದೆ ಎಂಬುದು ನನ್ನ ಉತ್ತರ.

ಹೆಲನ್ ಮತ್ತು ಮಾಸ್ತಿಕಲ್ಲು

ಇದು ನ್ಯಾಯವೇ ಎಂಬ ಮೂರನೆಯ ಪ್ರಶ್ನೆ ಕೇಳುವವರಿಗೆ ಸಿಗುವ ಸಿದ್ಧ ಉತ್ತರ: ಇವತ್ತಿನ ಕಣ್ಣಿನಿಂದ ಅಂದಿನದನ್ನು ಅಳೆಯಬೇಡಿ, ಕಾಲವೇ ಹಾಗಿತ್ತು. ಲೆಸ್ಟರ್ ಡೆಲ್ ರೇ ಅವರ 1938ರ ‘ಹೆಲನ್ ಓ’ಲಾಯ್’ ಎತ್ತಿಕೊಂಡು ಈ ಉತ್ತರವನ್ನು ಪರೀಕ್ಷಿಸೋಣ.

ಡೇವ್, ಫಿಲ್ ಎಂಬ ಇಬ್ಬರು ಗೆಳೆಯರು ಮನೆಗೆಲಸದ ಯಂತ್ರವೊಂದಕ್ಕೆ ಭಾವನೆಗಳನ್ನು ಅಳವಡಿಸುತ್ತಾರೆ. ಸುಂದರಿ ಹೆಲನ್ ಧಾರಾವಾಹಿಗಳನ್ನು ನೋಡಿ ಪ್ರೇಮ ಕಲಿತು ಡೇವ್‌ನನ್ನು ಮೆಚ್ಚುತ್ತಾಳೆ, ಅಡುಗೆ ಮಾಡುತ್ತಾಳೆ, ಕಾಯುತ್ತಾಳೆ. ಮದುವೆಯಾಗುತ್ತದೆ. ಡೇವ್‌ಗೆ ವಯಸ್ಸಾದಂತೆ ಅವಳ ಮುಖಕ್ಕೂ ಸುಕ್ಕು ಹಾಕಿಸುತ್ತಾರೆ. ಡೇವ್ ಸತ್ತಾಗ ಅವಳು ಫಿಲ್‌ಗೆ ಕಾಗದ ಬರೆಯುತ್ತಾಳೆ: ಆಮ್ಲದಲ್ಲಿ ನಾನೂ ಕರಗಿಹೋಗುತ್ತೇನೆ, ಅವನ ಜೊತೆಯಲ್ಲೇ ನನ್ನನ್ನು ಮಣ್ಣು ಮಾಡಿಸು. ಫಿಲ್ ಮಾತ್ರ ಜೀವಮಾನವಿಡೀ ಮದುವೆಯಾಗಿಲ್ಲ; ಹೆಲನ್ ಒಬ್ಬಳೇ ತಾನೇ ಇದ್ದದ್ದು.

ಮತ ಹಾಕಿದ ಲೇಖಕರಿಗೆ ಇದು ಯಂತ್ರಕ್ಕೂ ಹೃದಯ ಕೊಟ್ಟ ಆರ್ದ್ರ ಪ್ರೇಮಕಥೆ. ಮುಂದಿನ ತಲೆಮಾರಿನ ಓದುಗರಿಗೆ ಇದು ಹೆಂಡತಿಯನ್ನು ಮನೆಬಳಕೆಯ ಉಪಕರಣವಾಗಿಸಿದ ಕಥೆ. ಕನ್ನಡದ ಓದುಗನಿಗೆ ಇನ್ನೂ ಒಂದು ಅಂಶ ಕಾಣದೆ ಹೋಗದು. ಗಂಡನ ಜೊತೆಯಲ್ಲೇ ಅಳಿಯುವ ಹೆಂಡತಿ ನಮಗೆ ಹೊಸಬಳಲ್ಲ. ಕರ್ನಾಟಕದ ಊರೂರಿನಲ್ಲಿ ಮಾಸ್ತಿಕಲ್ಲುಗಳಿವೆ. ಬಳೆ ತೊಟ್ಟ ತೋಳು ಎತ್ತಿ ನಿಂತ ಆ ಕಲ್ಲುಗಳಿಗೆ ಅರಿಶಿನ ಕುಂಕುಮ ಸಂದಿವೆ. ಆ ಕಲ್ಲುಗಳನ್ನು ಕೆತ್ತಿಸಿದವರೂ ಹೊಗಳಿಕೆಯೆಂದೇ ಕೆತ್ತಿಸಿದರು. ಭವಿಷ್ಯದ ಅಮೆರಿಕದಲ್ಲಿ ನಡೆಯುವ ಕಥೆಯೊಂದು, ತನಗೆ ಗೊತ್ತೇ ಇಲ್ಲದೆ, ಸಹಗಮನದ ಆದರ್ಶವನ್ನು ಮತ್ತೆ ಕೆತ್ತುತ್ತದೆ. ಯಂತ್ರಕ್ಕೆ ಯಾವ ಆಸೆಯನ್ನು ಬೇಕಾದರೂ ತುಂಬಬಹುದಾಗಿದ್ದಾಗ ಅವರು ತುಂಬಿದ್ದು ಇದನ್ನು.

ಕಾಲವೇ ಹಾಗಿತ್ತು ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. ತನ್ನ ಊರಿನ ಕಥೆ ಬರೆಯುವ ಲೇಖಕ ‘ಇದ್ದದ್ದನ್ನು ಬರೆದೆ’ ಎನ್ನಬಹುದು. ಇನ್ನೂ ಬಾರದ ಲೋಕವನ್ನು ಕಟ್ಟುವವನಿಗೆ ಆ ಸೌಲಭ್ಯವಿಲ್ಲ. ಅಲ್ಲಿರುವ ಪ್ರತಿಯೊಂದನ್ನೂ ಇಟ್ಟವನು ಅವನೇ. ಇದೇ ಸಂಕಲನದ ಮೊದಲ ಕಥೆ ವೈನ್‌ಬಾಮ್ ಅವರದು. ಅದರಲ್ಲಿ ಬರುವ ಟ್ವೀಲ್ ಎಂಬ ಮಂಗಳದ ಜೀವಿ ಮನುಷ್ಯನಷ್ಟೇ ಬುದ್ಧಿಯುಳ್ಳದ್ದು, ಆದರೆ ಮನುಷ್ಯನಂತೆ ಯೋಚಿಸದು. ಮಂಗಳದವರ ಮನಸ್ಸು ಬೇರೆಯೇ ಇರಬಹುದೆಂದು 1934ರಲ್ಲೇ ಹೊಳೆದಿತ್ತು. ಅಡುಗೆಮನೆಯಲ್ಲಿರುವ ಹೆಂಗಸಿಗೂ ತನ್ನದೊಂದು ಮನಸ್ಸಿರಬಹುದೆಂದು 1938ರ ಕಥೆಗೆ ಹೊಳೆಯಲಿಲ್ಲ.

ಯಾರಿಗೂ ಹೊಳೆದಿರಲಿಲ್ಲ ಎಂದೂ ಹೇಳುವಂತಿಲ್ಲ. 1944ರಲ್ಲಿ, ಅದೇ ‘ಅಸ್ಟೌಂಡಿಂಗ್’ನಲ್ಲಿ, ಅದೇ ಕ್ಯಾಂಪ್‌ಬೆಲ್ ಕೈಯಲ್ಲಿ ಸಿ. ಎಲ್. ಮೂರ್ ಅವರ ‘ನೋ ವುಮನ್ ಬಾರ್ನ್’ ಅಚ್ಚಾಯಿತು. ಬೆಂಕಿಯಲ್ಲಿ ಬೆಂದ ನರ್ತಕಿ ಡೀರ್ಡ್ರಿಯ ಮಿದುಳನ್ನು ಲೋಹದ ದೇಹದಲ್ಲಿಟ್ಟು ಬದುಕಿಸುತ್ತಾರೆ. ಅವಳು ವೇದಿಕೆ ಹತ್ತಬಾರದು, ಜನ ಹೇಸುತ್ತಾರೆ ಎಂದು ಇಬ್ಬರು ಗಂಡಸರು ಚಿಂತಿಸುತ್ತಿರುವಾಗ ಅವಳು ಅವರ ಅಪ್ಪಣೆಗೆ ಕಾಯದೆ ಹೋಗಿ ಕುಣಿಯುತ್ತಾಳೆ. ತನ್ನ ಶಕ್ತಿ ಏನು, ತಾನು ಎಷ್ಟು ಕಾಲ ಮನುಷ್ಯಳಾಗಿ ಉಳಿಯಬಲ್ಲೆ ಎಂಬ ಪ್ರಶ್ನೆಗಳು ಅವಳವೇ. ಕಾಲ ಒಂದೇ, ಪತ್ರಿಕೆ ಒಂದೇ. ಆದರೆ ಸಂಕಲನದಲ್ಲಿರುವುದು ಹೆಲನ್. ಮೂರ್ ಇಲ್ಲಿ ಕಾಣುವುದು ಗಂಡ ಹೆನ್ರಿ ಕಟ್ನರ್ ಜೊತೆ ಹಂಚಿಕೊಂಡ ಲೂಯಿಸ್ ಪ್ಯಾಜೆಟ್ ಎಂಬ ಹೆಸರಿನ ಮರೆಯಲ್ಲಿ, ‘ಮಿಮ್ಸಿ ವರ್ ದ ಬೊರೊಗೋವ್ಸ್’ ಕಥೆಯ ಮೂಲಕ ಮಾತ್ರ.

ಒಂದೇ ಕಥೆ, ಎರಡು ಪುಸ್ತಕ

ಸ್ವಂತ ಹೆಸರಿನಲ್ಲಿ ಸಂಕಲನದೊಳಗೆ ಬಂದ ಒಬ್ಬಳೇ ಲೇಖಕಿ ಜುಡಿತ್ ಮೆರಿಲ್. ಹಿರೋಶಿಮಾದ ಬಾಂಬಿಗೆ ಮೂರು ವರ್ಷ ತುಂಬುವ ಮೊದಲು, 1948ರಲ್ಲಿ ಬಂದ ಅವರ ಕಥೆ ‘ದಟ್ ಓನ್ಲಿ ಎ ಮದರ್’. ವಿಕಿರಣದಿಂದ ವಿಕಲಾಂಗ ಮಕ್ಕಳು ಹುಟ್ಟುತ್ತಿರುವ ಕಾಲ. ಅಂಥ ಕೂಸುಗಳನ್ನು ತಂದೆಯರು ಕೊಲ್ಲುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ. ದೂರದಲ್ಲಿರುವ ಗಂಡನಿಗೆ ಮಾರ್ಗರೆಟ್ ಕಾಗದ ಬರೆಯುತ್ತಾಳೆ: ಮಗಳು ತಿಂಗಳುಗಳಲ್ಲೇ ಮಾತಾಡುತ್ತಾಳೆ, ಹಾಡುತ್ತಾಳೆ. ಗಂಡ ರಜೆಯಲ್ಲಿ ಬಂದು ಮಗುವನ್ನೆತ್ತಿಕೊಂಡಾಗ ತಿಳಿಯುತ್ತದೆ, ಕೂಸಿಗೆ ಕೈಕಾಲಿಲ್ಲ. ತಾಯಿಗೆ ಅದು ಕಂಡೇ ಇಲ್ಲ.

ಪರಮಾಣು ಯುಗದ ಭಯದ ಕಥೆಗಳ ನಡುವೆ ಇದನ್ನು ಓದಿದವರು ತಾಯಿಯ ಚಿತ್ತಭ್ರಮೆಯನ್ನು ನೋಡಿದರು. 1975ರಲ್ಲಿ ಪಮೇಲಾ ಸಾರ್ಜೆಂಟ್ ಬರಿಯ ಲೇಖಕಿಯರ ಕಥೆಗಳನ್ನು ಕಲೆಹಾಕಿ ‘ವಿಮೆನ್ ಆಫ್ ವಂಡರ್’ ತಂದರು. ಅದರಲ್ಲೂ ಇದೇ ಕಥೆ ಇದೆ. ಅಲ್ಲಿ ಓದಿದವರ ಕಣ್ಣು ತಾಯಿಯನ್ನು ಬಿಟ್ಟು ಕೊನೆಯಲ್ಲಿ ಬಿಗಿಯುವ ತಂದೆಯ ಬೆರಳುಗಳ ಮೇಲೆ ಹೋಯಿತು. ಯಾರಿಗೆ ಹುಚ್ಚು? ಮಗುವನ್ನು ಇಡಿಯಾಗಿ ಕಾಣುವವಳಿಗೋ, ಅದರಲ್ಲಿ ಕೊರತೆ ಕಂಡೊಡನೆ ಕೈ ಬಿಗಿಯುವವನ ಲೋಕಕ್ಕೋ? ಕಥೆಯಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಅಕ್ಕಪಕ್ಕದ ಕಥೆಗಳು ಬದಲಾದವು, ಪ್ರಶ್ನೆ ಬದಲಾಯಿತು.

ಕ್ಯಾಂಪ್‌ಬೆಲ್ ಬಗೆಗಿನ ಅಭಿಪ್ರಾಯಕ್ಕೂ ಹೀಗೇ ಆಯಿತು. ಅವರ ಹೆಸರಿನಲ್ಲಿ ಹೊಸ ಲೇಖಕರಿಗೆ ಒಂದು ಪ್ರಶಸ್ತಿ ಇತ್ತು. 2019ರಲ್ಲಿ ಡಬ್ಲಿನ್‌ನಲ್ಲಿ ಅದನ್ನು ಪಡೆದ ಲೇಖಕಿ ಜೆನೆಟ್ ಎನ್‌ಜಿ, ಸ್ವೀಕಾರ ಭಾಷಣದಲ್ಲೇ ಕ್ಯಾಂಪ್‌ಬೆಲ್ ಅವರ ಜನಾಂಗೀಯ ನಿಲುವುಗಳನ್ನು ಖಂಡಿಸಿದರು. ಅದೇ ತಿಂಗಳು ಪ್ರಶಸ್ತಿಯ ಹೆಸರು ಬದಲಾಯಿತು. ಈಗ ಅದು ‘ಅಸ್ಟೌಂಡಿಂಗ್’ ಪ್ರಶಸ್ತಿ. ವ್ಯಕ್ತಿಯ ಹೆಸರು ಹೋಗಿ ಪತ್ರಿಕೆಯ ಹೆಸರು ಉಳಿಯಿತು.

ಕಥೆಗೆ ಕಥೆಯೇ ಉತ್ತರ

ಈ ಓದುಗವರ್ಗದಲ್ಲಿ ನನಗೆ ಬಹಳ ಹಿಡಿಸಿದ ಗುಣವೊಂದಿದೆ. ಕಥೆ ಒಪ್ಪಿಗೆಯಾಗದಿದ್ದರೆ ಅವರು ವಿಮರ್ಶೆ ಬರೆದು ಸುಮ್ಮನಾಗುವುದಿಲ್ಲ. ಇನ್ನೊಂದು ಕಥೆ ಬರೆಯುತ್ತಾರೆ.

ಮರ್ರೆ ಲೈನ್‌ಸ್ಟರ್ ಅವರ 1945ರ ‘ಫಸ್ಟ್ ಕಾಂಟ್ಯಾಕ್ಟ್’ ಕಥೆಯಲ್ಲಿ ಮನುಷ್ಯರ ನೌಕೆಯೂ ಅನ್ಯಲೋಕದವರ ನೌಕೆಯೂ ಬಾಹ್ಯಾಕಾಶದಲ್ಲಿ ಎದುರುಬದುರಾಗುತ್ತವೆ. ಮೊದಲು ಹೊರಟವರನ್ನು ಇನ್ನೊಬ್ಬರು ಹಿಂಬಾಲಿಸಿ ಮನೆಯ ದಾರಿ ತಿಳಿದುಕೊಂಡರೆ? ಇಬ್ಬರಿಗೂ ಅದೇ ಅಂಜಿಕೆ. ಕೊನೆಗೆ ನೌಕೆಗಳನ್ನೇ ಅದಲುಬದಲು ಮಾಡಿಕೊಂಡು ಬೀಳ್ಕೊಳ್ಳುತ್ತಾರೆ. ಜಾಣ ಪರಿಹಾರ. ಆದರೆ ಸೋವಿಯತ್ ಲೇಖಕ ಇವಾನ್ ಯೆಫ್ರೆಮೋವ್ ಅದರ ಬುಡಕ್ಕೇ ಕೈಹಾಕಿದರು. ನಕ್ಷತ್ರಗಳ ನಡುವೆ ಓಡಾಡುವಷ್ಟು ಬೆಳೆದ ಸಮಾಜಕ್ಕೆ ಈ ಅಪನಂಬಿಕೆ ಉಳಿದಿರಲು ಸಾಧ್ಯವೇ ಇಲ್ಲ ಎಂಬುದು ಅವರ ನಂಬಿಕೆ. 1950ರ ದಶಕದ ಕೊನೆಯಲ್ಲಿ ಬರೆದ ‘ಸರ್ಪದ ಹೃದಯ’ದಲ್ಲಿ ಗಗನಯಾತ್ರಿಗಳು ಲೈನ್‌ಸ್ಟರ್ ಕಥೆಯನ್ನೇ ಚರ್ಚಿಸಿ ನಿರಾಕರಿಸುತ್ತಾರೆ, ಆಮೇಲೆ ಫ್ಲೋರಿನ್ ಉಸಿರಾಡುವ ಜೀವಿಗಳನ್ನು ಸ್ನೇಹದಿಂದ ಭೇಟಿಯಾಗುತ್ತಾರೆ. ಶೀತಲ ಸಮರದ ಎರಡು ಮಗ್ಗುಲುಗಳು ಒಂದೇ ಸನ್ನಿವೇಶವನ್ನು ಎರಡು ಬಗೆಯಲ್ಲಿ ಬಿಡಿಸಿದ್ದು ಹೀಗೆ.

‘ದ ಕೋಲ್ಡ್ ಇಕ್ವೇಷನ್ಸ್’ಗೂ ಉತ್ತರಗಳು ಬಂದವು. ಡಾನ್ ಸೇಕರ್ಸ್ 1991ರಲ್ಲಿ ‘ದ ಕೋಲ್ಡ್ ಸಲ್ಯೂಷನ್’ ಬರೆದು, ತೂಕ ಇಳಿಸಲು ಬೇರೆ ದಾರಿ, ಅದೂ ಘೋರವಾದ ದಾರಿಯೇ, ಇತ್ತು ಎಂದು ತೋರಿಸಿದರು. ಅದು ಪ್ರಕಟವಾದದ್ದು ‘ಅನಲಾಗ್’ನಲ್ಲಿ, ‘ಅಸ್ಟೌಂಡಿಂಗ್’ ಪತ್ರಿಕೆಯ ಹೊಸ ಹೆಸರೇ ‘ಅನಲಾಗ್’. ಜೇಮ್ಸ್ ಪ್ಯಾಟ್ರಿಕ್ ಕೆಲ್ಲಿ 1995ರ ‘ಥಿಂಕ್ ಲೈಕ್ ಎ ಡೈನೋಸಾರ್’ನಲ್ಲಿ ಲೆಕ್ಕ ಸರಿದೂಗಿಸುವ ಹೆಸರಿನಲ್ಲಿ ಒಬ್ಬ ಹೆಂಗಸನ್ನು ಕೊಲ್ಲಬೇಕಾದ ಸನ್ನಿವೇಶ ಹೂಡಿದರು. ಕೊಲ್ಲುವವನ ಅಂತರಂಗವನ್ನೇ ಕಥೆಯ ಕೇಂದ್ರಕ್ಕೆ ತಂದು, ನಿಯಮ ಪಾಲಿಸಿದವನು ಏನಾಗುತ್ತಾನೆ ಎಂದು ಕೇಳಿದರು. ಅದಕ್ಕೆ ಹ್ಯೂಗೊ ಬಂತು.

ನನ್ನ ಮತ

ಮೂರನೆಯ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಟ್ಟೆ. ಅದೊಂದೇ ಪ್ರಶ್ನೆ ಹಿಡಿದು ಹೊರಟವರಿಗೂ ನಷ್ಟವಿದೆ. ಬೀಗದ ವಿಷಯ ಹಿಡಿದು ಗಾಡ್ವಿನ್ ಕಥೆಯನ್ನು ಮುಚ್ಚಿಟ್ಟವರಿಗೆ ಆ ಚಾಲಕನ ಸಂಕಟ ತಟ್ಟುವುದಿಲ್ಲ. ಕೊಡುವ ಕೈಗೂ ನಿಯಮಕ್ಕೂ ನಡುವೆ ಸಿಕ್ಕಿದ ಸಾಮಾನ್ಯ ನೌಕರ ಅವನು. ಹಾಗೆಯೇ ‘ಆಗಬಹುದೇ’ ಎಂದಷ್ಟೇ ಕೇಳುವವರಿಗೆ ಪ್ರಯೋಗದ ಇಲಿ ಅಲ್ಜರ್ನಾನ್‌ನ ಸಮಾಧಿಯ ಮೇಲೆ ಹೂವಿಡಿ ಎಂಬ ಚಾರ್ಲಿಯ ಬೇಡಿಕೆ ಬರಿಯ ಭಾವುಕತೆಯಾಗಿ ಕಾಣುತ್ತದೆ. ಮೂರೂ ಪ್ರಶ್ನೆಗಳನ್ನು ಕೇಳಬೇಕು. ನ್ಯಾಯದ ಪ್ರಶ್ನೆ ಮಾತ್ರ ಹೊರಗಿನವರು ತಂದು ಹೇರಿದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಲೋಕದ ನಿಯಮಗಳನ್ನು ಕಣ್ಣೆದುರಿಗೇ ಬರೆದು ತೋರಿಸುವ ಸಾಹಿತ್ಯ ಪ್ರಕಾರ ಇದು. ಬರೆದವರು ಯಾರು ಎಂದು ಕೇಳುವ ಹಕ್ಕು ಆ ಕ್ಷಣದಲ್ಲೇ ಓದುಗನ ಕೈ ಸೇರುತ್ತದೆ.

ನಿಮ್ಮ ಮತ ಯಾವುದಕ್ಕೆ ಎಂದು ನೀವು ಕೇಳುವುದು ಸಹಜ. ‘ಫ್ಲವರ್ಸ್ ಫಾರ್ ಅಲ್ಜರ್ನಾನ್’ಗೆ. ‘ನೈಟ್‌ಫಾಲ್’ ನನಗೆ ಮೊದಲ ಪ್ರಶ್ನೆಯಲ್ಲಿ ಗೆದ್ದು ಎರಡನೆಯದರಲ್ಲಿ ಸೋತ ಕಥೆ. ಕೀಸ್ ಅವರದು ಮೂರಕ್ಕೂ ಎದುರು ನಿಲ್ಲುತ್ತದೆ. ‘ಹೆಲನ್ ಓ’ಲಾಯ್’ ತೆಗೆದುಹಾಕಬೇಕೇ ಎಂದರೆ, ಬೇಡ. ತೆಗೆದರೆ ಒಂದು ಕಾಲದಲ್ಲಿ ಅದಕ್ಕೆ ಮತ ಬಿದ್ದಿತ್ತು ಎಂಬುದೂ ಮರೆಯಾಗುತ್ತದೆ.

ಕನ್ನಡಕ್ಕೆ ಈ ಕಥೆಗಳನ್ನು ತರುವ ಉತ್ಸಾಹ ಇಲ್ಲಿರುವ ಎಳೆಯರಲ್ಲಿ ಯಾರಿಗಾದರೂ ಬಂದರೆ ಒಂದು ಮನವಿ. ಕಿರೀಟ ತೊಟ್ಟ 26ನ್ನು ಹಾಗೆಯೇ ಅನುವಾದಿಸಲು ಹೋಗಬೇಡಿ. ಜೋಡಿಗಳನ್ನು ಆರಿಸಿ: ಹೆಲನ್ ಎದುರಿಗೆ ಮೂರ್ ಅವರ ಡೀರ್ಡ್ರಿ, ಲೈನ್‌ಸ್ಟರ್ ಎದುರಿಗೆ ಯೆಫ್ರೆಮೋವ್, ಗಾಡ್ವಿನ್ ಎದುರಿಗೆ ಕೆಲ್ಲಿ. ಮುನ್ನುಡಿಯಲ್ಲಿ ಯಾವುದು ಶ್ರೇಷ್ಠ ಎಂದು ಬರೆಯಬೇಡಿ. ಆಗ ನಮ್ಮ ಓದುಗರು ಯಾರದೋ ತೀರ್ಪನ್ನು ಒಪ್ಪಿಕೊಳ್ಳುವ ಬದಲು ವಾದ ಪ್ರತಿವಾದ ಎರಡನ್ನೂ ಕೇಳಿ ತಾವೇ ತೀರ್ಪು ಕೊಡುತ್ತಾರೆ, ಆ ತೀರ್ಪನ್ನು ಒಪ್ಪದ ಇನ್ನೊಬ್ಬರು ಕನ್ನಡದಲ್ಲೇ ಮೂರನೆಯ ಕಥೆಯನ್ನು ಬರೆಯುತ್ತಾರೆ.